ಹೆಬ್ಬೆಟ್ಟು ಒತ್ತಲ್ಲ ಅಂದವರು: ಕೆಜಿಎಫ್ ಗಣಿಯ ಮೊದಲ ದಿನಗಳು

ಪೋಸ್ಟು ಉದ್ದ ಇದೆ. ಬಿಡುವಾದಾಗ ಕೂತು ಓದಿ.

ಹೋದ ವಾರ ಬೆಳಗ್ಗೆ ಆರೂವರೆಗೆ ಹಾಲು ತರೋಕೆ ಅಂತ ಹೊರಗೆ ಬಂದಿದ್ದೆ. ವಿಲ್ಸನ್ ಗಾರ್ಡನ್‌ನ ನಮ್ಮ ಬೀದಿ ಗುಡಿಸೋ ಪೌರಕಾರ್ಮಿಕ ಅಕ್ಕ ಅಂಗಡಿ ಮೆಟ್ಟಿಲ ಮೇಲೆ ಕೂತು, ಬಲಗೈ ಹೆಬ್ಬೆರಳನ್ನ ಸೀರೆ ಸೆರಗಿಗೆ ಉಜ್ಜುತ್ತಾ ಇದ್ದರು.

"ಏನಾಯ್ತಕ್ಕ, ಗಾಯನಾ?" ಅಂದೆ.

"ಗಾಯ ಇಲ್ಲಣ್ಣ. ಹಾಜರಿ ಮೆಷಿನ್ ನನ್ನ ಬೆರಳು ತಗೊಳ್ತಾ ಇಲ್ಲ. ಮೂರು ದಿನದಿಂದ ಆಬ್ಸೆಂಟ್ ತೋರಿಸ್ತಿದೆ. ಪೊರಕೆ ಹಿಡಿದು ಹಿಡಿದು ಗೆರೆ ಎಲ್ಲ ಸವೆದೋಗಿದೆ, ಅದಕ್ಕೇನು ಗೊತ್ತಾಗುತ್ತೆ."

ಆಮೇಲೆ ಅವರೇ ನಕ್ಕರು. "ನಮ್ಮ ಮುತ್ತಾತ ಕೆಜಿಎಫ್‌ನಲ್ಲಿ ಹೆಬ್ಬೆಟ್ಟು ಒತ್ತಲ್ಲ ಅಂತ ಗಣಿಗೆ ಇಳಿಯೋದನ್ನೇ ಬಿಟ್ಟು ಕೂತಿದ್ರಂತೆ. ನನ್ನ ನೋಡಿ, ಒತ್ತೀನಿ ಅಂದ್ರೂ ಮೆಷಿನ್ ಬೇಡ ಅಂತದೆ."

ಅಕ್ಕನ ತವರು ಆಂಡರ್ಸನ್‌ಪೇಟೆ. ಮದುವೆಯಾಗಿ ಬೆಂಗಳೂರಿಗೆ ಬಂದವರು. ಮುತ್ತಾತನ ಹೆಸರು ಗೊತ್ತು, ಒತ್ತಲ್ಲ ಅಂದಿದ್ದು ಗೊತ್ತು. ಯಾವ ವರ್ಷ, ಯಾಕೆ ಅಂತ ಕೇಳಿದ್ರೆ, "ಅದೆಲ್ಲ ನಮಗ್ಯಾರು ಹೇಳ್ತಾರಣ್ಣ" ಅಂದ್ರು.

ಆ ಮಾತು ಮನಸ್ಸಲ್ಲಿ ಕೊರೀತಾನೇ ಇತ್ತು. ಅವರಿಗೆ ಹೇಳಬೇಕಾಗಿದ್ದನ್ನ ಇಲ್ಲಿ ಬರೀತಾ ಇದೀನಿ. ಕೆಜಿಎಫ್ ಅಂದ್ರೆ ನಮ್ಮ ಹುಡುಗರಿಗೆ ಈಗ ಸಿನಿಮಾ. ಆ ಸಿನಿಮಾದಲ್ಲಿ ಗುಲಾಮರು ಮಾತಾಡಲ್ಲ, ಹೊರಗಿಂದ ಒಬ್ಬ ಹೀರೋ ಬಂದು ಬಿಡಿಸಬೇಕು. ನಿಜವಾದ ಕೆಜಿಎಫ್‌ನಲ್ಲಿ ಹೀರೋ ಬರಲಿಲ್ಲ. ಗಣಿಯ ಜನ ತಾವೇ ಎದ್ದು ನಿಂತರು.

*

ಮೊದಲು ಸ್ವಲ್ಪ ದೂರದ ಕಥೆ ಹೇಳ್ತೀನಿ. ಕಾರಣ ಆಮೇಲೆ ಗೊತ್ತಾಗುತ್ತೆ.

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ನ್ಯೂಕ್ಯಾಸಲ್ ಅನ್ನೋ ಊರಿದೆ. 1797ರಲ್ಲಿ ಶಾರ್ಟ್‌ಲ್ಯಾಂಡ್ ಅನ್ನೋ ಬ್ರಿಟಿಷ್ ನೌಕಾ ಅಧಿಕಾರಿ, ಸಿಡ್ನಿಯಿಂದ ದೋಣಿ ಕದ್ದು ಓಡಿಹೋದ ಕೈದಿಗಳನ್ನ ಹುಡುಕಿಕೊಂಡು ಹೋಗಿ ಅಲ್ಲೊಂದು ನದಿ ಬಾಯಿಗೆ ಬಂದ. ದಡದಲ್ಲೇ ಕಲ್ಲಿದ್ದಲು ಕಂಡಿತು. ಆ ನೆಲದಲ್ಲಿ ಸಾವಿರಾರು ವರ್ಷದಿಂದ ಅವಬಕಲ್ ಅನ್ನೋ ಮೂಲನಿವಾಸಿಗಳು ಇದ್ದರು, ಆ ಕಪ್ಪು ಕಲ್ಲು ಅವರಿಗೆ ಮೊದಲೇ ಗೊತ್ತಿತ್ತು. ಆದ್ರೂ ಪುಸ್ತಕದಲ್ಲಿ 'ಕಂಡುಹಿಡಿದವನು' ಶಾರ್ಟ್‌ಲ್ಯಾಂಡ್. 1804ರಲ್ಲಿ ಅಲ್ಲಿ ಕಾಯಂ ವಸಾಹತು ಕಟ್ಟಿದರು. ಗಣಿಗೆ ಇಳಿಸಿದ್ದು ಯಾರನ್ನ? ಸಿಡ್ನಿ ಹತ್ತಿರ ಅದೇ ವರ್ಷ ದಂಗೆ ಎದ್ದಿದ್ದ ಐರಿಷ್ ಕೈದಿಗಳನ್ನ. ಕೈದಿಗಳ ನಾಡಲ್ಲೇ ಮತ್ತೆ ತಪ್ಪು ಮಾಡಿದವರಿಗೆ ಅದು ಎರಡನೇ ಜೈಲು. ಕಲ್ಲಿದ್ದಲು ಅಗೆಯೋದು, ಮರ ಕಡಿಯೋದು, ಚಿಪ್ಪು ಸುಟ್ಟು ಸುಣ್ಣ ಮಾಡೋದು, ಇಲ್ಲ ಅಂದ್ರೆ ಚಾಟಿ.

ನಮಗೆ ಸಂಬಂಧ ಏನು ಅಂತೀರಾ? ಕಾಯಂ ವಸಾಹತು ಆಗೋಕೂ ಮೊದಲು, 1799ರಲ್ಲಿ, ಅಲ್ಲಿಂದ ಹಡಗಲ್ಲಿ ಹೊರದೇಶಕ್ಕೆ ಹೋದ ಮೊದಲ ಕಲ್ಲಿದ್ದಲು ಬಂದಿದ್ದು ಬಂಗಾಳಕ್ಕೆ. ಅದೇ 1799ರಲ್ಲೇ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತರು, ಮೈಸೂರು ಕಂಪನಿ ಸರ್ಕಾರದ ಕೈಗೆ ಸಿಕ್ಕಿತು. ಒಂದೇ ಸಾಮ್ರಾಜ್ಯ, ಒಂದೇ ಲೆಕ್ಕದ ಪುಸ್ತಕ.

ನ್ಯೂಕ್ಯಾಸಲ್‌ನಲ್ಲಿ ನೆಲದ ಕೆಳಗೆ ಇಳಿದವನಿಗೆ ಕೋರ್ಟು ಶಿಕ್ಷೆ ಕೊಟ್ಟಿತ್ತು. ಸರಿಯೋ ತಪ್ಪೋ, ಒಂದು ಆರೋಪ, ಒಂದು ತೀರ್ಪು ಇತ್ತು. ಶಿಕ್ಷೆಗೆ ಇಷ್ಟು ವರ್ಷ ಅಂತ ಲೆಕ್ಕವೂ ಇತ್ತು. ನಮ್ಮ ಕೋಲಾರದಲ್ಲಿ ಆರೋಪವೂ ಇಲ್ಲ, ತೀರ್ಪೂ ಇಲ್ಲ. ಆದ್ರೂ ಕೈದಿಗೆ ಇರೋ ಕಾವಲು, ಕೈದಿಗೆ ಮಾಡೋ ತಪಾಸಣೆ, ಕೊನೆಗೆ ಕೈದಿಯಿಂದ ತಗೊಳ್ಳೋ ಬೆರಳಚ್ಚು, ಎಲ್ಲ ಬಂತು. ಮಾಡಿದ ಅಪರಾಧ ಏನು? ಬಡವರಾಗಿ, ಅಸ್ಪೃಶ್ಯರು ಅನ್ನಿಸಿಕೊಂಡ ಜಾತಿಯಲ್ಲಿ ಹುಟ್ಟಿ, ಬಂಗಾರದ ಹತ್ತಿರ ಕೆಲಸ ಮಾಡಿದ್ದು.

*

ಈಗ ಕೋಲಾರಕ್ಕೆ ಬನ್ನಿ.

ಟಿಪ್ಪು ಬಿದ್ದ ಮೇಲೆ ಬ್ರಿಟಿಷರು ಮೈಸೂರಿನ ಗಡಿ ಅಳೆಯೋಕೆ ಸರ್ವೆ ಶುರು ಮಾಡಿದರು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಪೂರ್ವದ ಗಡಿಯಲ್ಲಿ ಕೆಲಸ ಮಾಡ್ತಿದ್ದ. ಊರಿಗಾಂ ಕಡೆ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿ ತೋರಿಸಿದರು.

ಆಮೇಲೆ ಅವನು ಮಾರಿಕುಪ್ಪಂಗೆ ಹೋಗಿ ನೋಡಿದ. ಅಲ್ಲಿ ಗುಂಡಿಗಳಿದ್ದವು, ಮೂವತ್ತು ಅಡಿ, ನಲವತ್ತೈದು ಅಡಿ ಆಳದವು. ಒಳಗೆ ಇಳಿದು ಕಲ್ಲು ಒಡೀತಿದ್ದವರು ಪರೈಯರು. ಬುಟ್ಟಿ ಕೈಯಿಂದ ಕೈಗೆ ಮೇಲೆ ಬರ್ತಿತ್ತು. ಮೇಲೆ ಹೆಂಗಸರು ಆ ಕಲ್ಲನ್ನ ಕುಟ್ಟಿ ಪುಡಿ ಮಾಡಿ, ನೀರಲ್ಲಿ ತೊಳೆದು ಚಿನ್ನ ಬೇರೆ ಮಾಡ್ತಿದ್ದರು. ಇಷ್ಟನ್ನೂ ವಾರನ್ ತನ್ನ ವರದಿಯಲ್ಲೇ ಬರೆದಿಟ್ಟಿದ್ದಾನೆ.

ಇದನ್ನ ನಿಧಾನವಾಗಿ ಇನ್ನೊಂದು ಸಲ ಓದಿ. ಯಂತ್ರ ಬರೋಕೆ ಎಂಬತ್ತು ವರ್ಷ ಮೊದಲು, ಯಾವ ಬಿಳಿಯ ಎಂಜಿನಿಯರೂ ಇಲ್ಲದೆ, ಕಲ್ಲಿನ ಯಾವ ಗೆರೆಯಲ್ಲಿ ಚಿನ್ನ ಇದೆ ಅಂತ ಗೊತ್ತು ಮಾಡಿ, ಗುಂಡಿ ತೋಡಿ, ಲೋಹ ತೆಗೆಯೋ ವಿದ್ಯೆ ನಮ್ಮ ಜನರ ಕೈಯಲ್ಲಿತ್ತು. 'ಅನ್‌ಸ್ಕಿಲ್ಡ್ ಕೂಲಿ' ಅಂತ ಆಮೇಲೆ ರಿಜಿಸ್ಟರ್‌ನಲ್ಲಿ ಬರೆದರಲ್ಲ, ಅವರ ಅಜ್ಜ ಅಜ್ಜಿಯರ ಕಥೆ ಇದು.

ಆಮೇಲೆ ಬಂದವನು ಮೈಕೆಲ್ ಲ್ಯಾವೆಲ್. ಐರಿಷ್ ಸೈನಿಕ. ನ್ಯೂಜಿಲೆಂಡ್‌ನಲ್ಲಿ ಮಾವೋರಿ ಜನರ ವಿರುದ್ಧದ ಯುದ್ಧದಲ್ಲಿ ಇದ್ದವನು. ಅಲ್ಲೇ ಚಿನ್ನದ ಹುಚ್ಚು ಹತ್ತಿಸಿಕೊಂಡು, ನಿವೃತ್ತಿಯಾಗಿ ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ ನೆಲೆಸಿದ್ದ. ವಾರನ್ ಬರೆದಿದ್ದನ್ನ ಓದಿ 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆ ಹೊರಟ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಬಂಗಾರ ಎಲ್ಲಿ ಸಿಗುತ್ತೆ, ಬೇಕಾದ್ರೆ ಕಲ್ಲಿದ್ದಲು ಹುಡುಕು ಅಂತ ಅಧಿಕಾರಿಗಳು ಅಂದರಂತೆ. ಅವನು ಪಟ್ಟು ಬಿಡಲಿಲ್ಲ. 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಸಿಕ್ಕಿತು. ದುಡ್ಡು ಸಾಲದೆ ಎರಡೇ ವರ್ಷಕ್ಕೆ ಹಕ್ಕನ್ನ ಬೇರೆಯವರಿಗೆ ದಾಟಿಸಿದ.

ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆ ಇದೆ. ಲ್ಯಾವೆಲ್ ರೋಡ್. ಒಂದು ಕಾಫಿಗೆ ಮುನ್ನೂರು ರೂಪಾಯಿ ಕೊಡೋ ರಸ್ತೆ. ವಾರನ್‌ಗೆ ಚಿನ್ನ ತೋರಿಸಿದ ಹಳ್ಳಿಯವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ.

*

1880ರ ದಶಕದ ಆರಂಭದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮೊದಮೊದಲು ಇಲ್ಲಿ ದುಡ್ಡು ಹಾಕಿದವರೆಲ್ಲ ಮುಳುಗೋ ಸ್ಥಿತಿ. ಆಮೇಲೆ ಮೈಸೂರು ಗಣಿಯಲ್ಲಿ ಪ್ಲಮರ್ ಅನ್ನೋ ಕ್ಯಾಪ್ಟನ್ನು ಹಳೇ ಗುಂಡಿಗಳ ಕೆಳಗೇ ಇನ್ನೂ ಆಳಕ್ಕೆ ಇಳಿಸಿದಾಗ ಚಾಂಪಿಯನ್ ರೀಫ್ ಸಿಕ್ಕಿತು. ಗಮನಿಸಿ, 'ಹಳೇ ಗುಂಡಿಗಳ ಕೆಳಗೆ'. ದಾರಿ ತೋರಿಸಿದ್ದು ಹಿಂದಿನವರ ಗುಂಡಿಗಳೇ.

ಅಲ್ಲಿಂದ ಓಟ ಶುರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಕಾವೇರಿ ಕರೆಂಟು ರಾಜಧಾನಿಗಿಂತ ಮೂರು ವರ್ಷ ಮೊದಲೇ ಗಣಿ ಯಂತ್ರಕ್ಕೆ ಹೋಗಿತ್ತು. ಪಠ್ಯಪುಸ್ತಕದಲ್ಲಿ ಇದನ್ನ ಹೆಮ್ಮೆಯಿಂದ ಬರೀತಾರೆ, ಬರೀಲಿ. ಆದರೆ ಆ ಯಂತ್ರದ ಕೆಳಗೆ ಇದ್ದವರು ಯಾರು ಅಂತ ಒಂದು ಸಾಲೂ ಇರಲ್ಲ.

ಇದ್ದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಆದಿ ದ್ರಾವಿಡರು. ಕೋಲಾರ ಸುತ್ತಲಿನ ನಮ್ಮ ಜನರೂ ಇದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಕ್ಕೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡೀತಿದ್ದರು.

ಯಾಕೆ ಬಂದರು? ಇಲ್ಲಿ ನಾವು ಪ್ರಾಮಾಣಿಕವಾಗಿ ಮಾತಾಡಬೇಕು. ಎಲ್ಲರನ್ನೂ ಹಗ್ಗ ಕಟ್ಟಿ ಎಳೆದು ತರಲಿಲ್ಲ. 1876ರಿಂದ 78ರವರೆಗೆ ಬಿದ್ದ ಭೀಕರ ಬರ ಮದ್ರಾಸು ಮತ್ತು ಮೈಸೂರು ಸೀಮೆಯನ್ನ ತಿಂದು ಹಾಕಿತ್ತು. ಅದಕ್ಕೂ ಮೊದಲಿಂದ ಊರಲ್ಲಿ ಜೀತ ಇತ್ತು. ಜಮೀನ್ದಾರನ ಹೊಲದಲ್ಲಿ ಧಾನ್ಯಕ್ಕೆ ದುಡೀಬೇಕು, ಊರಬಾವಿ ಮುಟ್ಟಂಗಿಲ್ಲ, ಅಗ್ರಹಾರದ ಬೀದಿಯಲ್ಲಿ ನಡೆಯಂಗಿಲ್ಲ. ಗಣಿಯಲ್ಲಿ ಕೈಗೆ ಕಾಸು ಸಿಗ್ತಿತ್ತು. ಕಾಸು ಅಂದ್ರೆ ಊರಗೌಡನ ಮುಖ ನೋಡದೆ ಅಕ್ಕಿ ಕೊಳ್ಳೋ ಸ್ವಾತಂತ್ರ್ಯ. ಬಾಬಾಸಾಹೇಬರು ಆಮೇಲೆ ಹಳ್ಳಿ ಬಿಡಿ ಅಂದರಲ್ಲ, ಈ ಜನ ಅದಕ್ಕೂ ಮೊದಲೇ ಹಳ್ಳಿ ಬಿಟ್ಟಿದ್ದರು.

ಆದ್ರೆ ಬಿಟ್ಟು ಎಲ್ಲಿಗೆ ಬಂದರು? ಮೇಸ್ತ್ರಿ ಕೊಟ್ಟ ಮುಂಗಡದ ಸಾಲ ತಲೆ ಮೇಲೆ ಹೊತ್ತುಕೊಂಡು, ಕೂಲಿ ಲೈನ್‌ಗೆ ಬಂದರು. ಬಿದಿರು ತಟ್ಟಿಯ ಗುಡಿಸಲು, ಒಂದರ ಪಕ್ಕ ಒಂದು, ಸಾಲುಸಾಲು. ಈಗಲೂ ಕೆಜಿಎಫ್‌ನಲ್ಲಿ ನಿಮ್ಮದು ಯಾವ ಲೈನ್ ಅಂತಾನೇ ಕೇಳ್ತಾರೆ, ಯಾವ ಬೀದಿ ಅನ್ನಲ್ಲ. ಗುಡ್ಡದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ತೋಟ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿಗೆ ಒಂದು ದರ್ಜೆ, ಇಟಾಲಿಯನ್ನರಿಗೆ ಇನ್ನೊಂದು, ಆಂಗ್ಲೋ ಇಂಡಿಯನ್ನರಿಗೆ ಮತ್ತೊಂದು. ಎಲ್ಲರಿಗಿಂತ ಕೆಳಗೆ ನಮ್ಮವರು. ಕೆಲಸದ ಜಾಗದಲ್ಲೂ ಕೆಳಗೆ, ಅಕ್ಷರಶಃ ನೆಲದ ಕೆಳಗೆ. ಆಳಕ್ಕೆ ಹೋದಷ್ಟೂ ಸೆಕೆ, ಕಲ್ಲಿನ ಧೂಳು, ಇದ್ದಕ್ಕಿದ್ದಂಗೆ ಬಂಡೆ ಸಿಡಿಯೋ ಭಯ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರೋ ಕಾಯಿಲೆ, ಸಿಲಿಕೋಸಿಸ್, ಕೆಜಿಎಫ್‌ನ ಎಷ್ಟೋ ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದ ಆಸ್ತಿ.

ಲೈನ್‌ಗಳ ಕೆಳಗೂ ಇನ್ನೊಂದು ಕೆಳಗು ಇತ್ತು, ಅದನ್ನ ಮುಚ್ಚಿಡಬಾರದು. ಗಣಿ ಕಾಲೋನಿಯ ಒಣ ಪಾಯಿಖಾನೆಗಳನ್ನ ಕೈಯಲ್ಲಿ ಬಳಿದು, ತಲೆ ಮೇಲೆ ಹೊತ್ತವರು ತೆಲುಗು ಮಾತಾಡೋ ತೋಟಿ ಸಮುದಾಯದ ದಲಿತರು. ಬೆಜವಾಡ ವಿಲ್ಸನ್ ಅವರ ಕುಟುಂಬ ಆ ಕೆಲಸದಲ್ಲಿತ್ತು. ಅವರು ಹುಟ್ಟಿದ್ದು ಕೆಜಿಎಫ್‌ನಲ್ಲೇ. ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿದ್ದು ಆ ಪಾಯಿಖಾನೆ ಗುಂಡಿ ನೋಡಿ ಬಂದ ಕಣ್ಣೀರಿಂದ. ನಮ್ಮ ಏರಿಯಾ ಹೆಸರಲ್ಲಿರೋ ವಿಲ್ಸನ್ ಯಾವ ದೊರೆಯೋ ಏನೋ. ನನಗಂತೂ ಬಸ್‌ ಬೋರ್ಡಲ್ಲಿ ವಿಲ್ಸನ್ ಅಂತ ಓದಿದಾಗೆಲ್ಲ ಇವರೇ ನೆನಪಾಗೋದು.

*

ಈಗ ಮುಖ್ಯ ವಿಷಯ: ಕಾವಲು.

ಗಣಿಯಿಂದ ಬಂದ ಕಲ್ಲನ್ನ ಮಿಲ್ಲಿನಲ್ಲಿ ಕುಟ್ಟಿ ಪುಡಿ ಮಾಡ್ತಾರೆ. ಆ ಪುಡಿಯನ್ನ ನೀರಿನ ಜೊತೆ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸ್ತಾರೆ. ಚಿನ್ನ ಪಾದರಸಕ್ಕೆ ಅಂಟಿಕೊಂಡು ಮುದ್ದೆ ಆಗುತ್ತೆ. ಅದನ್ನ ಕಾಯಿಸಿ ಪಾದರಸ ಹಾರಿಸಿದ್ರೆ ಚಿನ್ನ ಉಳಿಯುತ್ತೆ. ಕದಿಯೋಕೆ ಸುಲಭ ಇದ್ದಿದ್ದು ಈ ಕೊನೆಯ ಹಂತದಲ್ಲಿ, ಆ ಮುದ್ದೆ ಇರೋ ಜಾಗದಲ್ಲಿ. ನೆಲದ ಕೆಳಗೆ ಕಲ್ಲು ಒಡೆಯೋನ ಕಣ್ಣಿಗೆ ಬಹುಪಾಲು ಕಲ್ಲಲ್ಲಿ ಚಿನ್ನ ಕಾಣೋದೂ ಇಲ್ಲ. ಒಂದಿಷ್ಟು ಚಿನ್ನ ಬೇಕು ಅಂದ್ರೆ ಟನ್‌ಗಟ್ಟಲೆ ಕಲ್ಲು ಅರೀಬೇಕು.

ಆದ್ರೆ ಬಟ್ಟೆ ಬಿಚ್ಚಿಸಿ ತಡಕಾಡಿದ್ದು ಯಾರನ್ನ? ಪಾಳಿ ಮುಗಿಸಿ ಮೇಲೆ ಬಂದ ಕೂಲಿಯವನನ್ನ. ದಿನಾ. ಪ್ರತಿ ಪಾಳಿಗೆ. ಕಂಪನಿಗೆ ತನ್ನದೇ ವಾಚ್ ಅಂಡ್ ವಾರ್ಡ್ ಪಡೆ ಇತ್ತು. ಕೂಲಿಯವರ ಮಾತು ಬಾರದ, ಅವರ ಜೊತೆ ನೆಂಟಸ್ತನ ಬೆಳೆಯದ ಕಾವಲುಗಾರರನ್ನ ಪಂಜಾಬಿನಿಂದ ತಂದು ಇಟ್ಟಿದ್ದರು. ಮೇಲಿಂದ ಸರ್ಕಾರ ಮಾಡಿದ ಗಣಿ ಕಾನೂನು. ಸಾಮಾನ್ಯ ಕಾನೂನಿನಲ್ಲಿ ಕಳ್ಳ ಅಂತ ಸಾಬೀತು ಮಾಡೋ ಹೊಣೆ ಪೊಲೀಸರದ್ದು. ಗಣಿ ಸೀಮೆಯಲ್ಲಿ ಚಿನ್ನದ ಕಲ್ಲು ಕೈಯಲ್ಲಿ ಸಿಕ್ಕಿದ್ರೆ ಕಳ್ಳ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಕೂಲಿಯವನದ್ದು. ಓದು ಬರಹ ಬಾರದವನು, ವಕೀಲನಿಲ್ಲದವನು, ಸಾಬೀತು ಮಾಡೋದು ಎಲ್ಲಿಂದ?

ಇದೆಲ್ಲ ಬರೀ ಹಳೇ ಕಥೆ ಅನ್ಕೋಬೇಡಿ. ಒಂದು ಗಣಿ ಪಟ್ಟಣಕ್ಕೆ ಅಂತಲೇ ಪ್ರತ್ಯೇಕ ಪೊಲೀಸ್ ಜಿಲ್ಲೆ ಇತ್ತು, ಪ್ರತ್ಯೇಕ ಎಸ್ಪಿ ಇದ್ದರು. ಕೋಲಾರಕ್ಕೆ ಒಬ್ಬ ಎಸ್ಪಿ, ಅದೇ ಜಿಲ್ಲೆಯ ಕೆಜಿಎಫ್‌ಗೆ ಇನ್ನೊಬ್ಬ ಎಸ್ಪಿ. ಗಣಿ ಮುಚ್ಚಿದ ಮೇಲೂ ಈ ವ್ಯವಸ್ಥೆ ಉಳಿದುಕೊಂಡು ಬಂತು. ಚಿನ್ನ ಮುಗಿದರೂ ಅನುಮಾನ ಮುಗಿಯಲಿಲ್ಲ.

ಇದು ಕೋಲಾರದ್ದು ಮಾತ್ರ ಕಥೆ ಅಲ್ಲ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಯಲ್ಲಿ 1880ರ ದಶಕದಲ್ಲೇ ಕರಿಯ ಕಾರ್ಮಿಕರನ್ನ ಬೇಲಿ ಹಾಕಿದ ಕಾಂಪೌಂಡಿನೊಳಗೆ ಕೂಡಿಹಾಕಿ, ಬೆತ್ತಲೆ ಮಾಡಿ ತಪಾಸಣೆ ಮಾಡ್ತಿದ್ದರು. ಅಲ್ಲಿ ಬಣ್ಣ, ಇಲ್ಲಿ ಜಾತಿ. ಬೆಲೆಬಾಳೋ ವಸ್ತು ತೆಗೆಯೋ ಕೈಯನ್ನೇ ಕಳ್ಳನ ಕೈ ಅನ್ನೋದು ಎರಡೂ ಕಡೆ ಒಂದೇ.

ಈಗ ನೀವೇ ಹೇಳಿ. ನೆಲ ಇಲ್ಲಿನದ್ದು. ನೀರು ಬೇತಮಂಗಲದ್ದು. ಕರೆಂಟು ಕಾವೇರಿಯದ್ದು. ಬೆವರು ನಮ್ಮವರದ್ದು. ಚಿನ್ನದ ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ರೈಲು ಹತ್ತಿ, ಹಡಗು ಹತ್ತಿ ಲಂಡನ್ನಿಗೆ ಹೋಗ್ತಿತ್ತು. ಮೈಸೂರು ಸರ್ಕಾರಕ್ಕೆ ರಾಜಧನ ನೂರಕ್ಕೆ ಐದು. ಉಳಿದಿದ್ದರಲ್ಲಿ ಲಾಭ ಲಂಡನ್ನಿನ ಷೇರುದಾರರಿಗೆ. ಇದಕ್ಕೆ ವ್ಯಾಪಾರ ಅಂತ ಹೆಸರು. ಸೊಂಟದ ಬಟ್ಟೆಯಲ್ಲಿ ಒಂದು ಚೂರು ಕಲ್ಲು ಸಿಕ್ಕಿದ್ರೆ ಅದಕ್ಕೆ ಕಳ್ಳತನ ಅಂತ ಹೆಸರು.

*

ಈ ಕತ್ತಲೆಯಲ್ಲೂ ಜನ ಸುಮ್ನೆ ಇರಲಿಲ್ಲ. ಅದನ್ನ ಹೇಳದೇ ಹೋದ್ರೆ ನಾವೂ ಆ ಸಿನಿಮಾದವರ ಥರಾನೇ ಆಗ್ತೀವಿ.

ಪಂಡಿತ ಅಯೋಥಿ ದಾಸರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಗಟ್ಟಿ ಶಾಖೆಗಳಲ್ಲಿ ಒಂದು ಮಾರಿಕುಪ್ಪಂನಲ್ಲಿ. ಹೌದು, ವಾರನ್ ಗುಂಡಿ ನೋಡಿದ ಅದೇ ಮಾರಿಕುಪ್ಪಂ. 1907ರಲ್ಲಿ ಅವರು ಶುರು ಮಾಡಿದ ಪತ್ರಿಕೆ 'ತಮಿಳನ್' ಕೂಲಿ ಲೈನ್‌ಗಳಿಗೆ ಬರ್ತಿತ್ತು. ಓದು ಬಂದವನು ಗಟ್ಟಿಯಾಗಿ ಓದೋದು, ಉಳಿದವರು ಸುತ್ತ ಕೂತು ಕೇಳೋದು. 1914ರಲ್ಲಿ ಪಂಡಿತರು ತೀರಿಕೊಂಡರು. ಆಮೇಲೆ ಆ ಪತ್ರಿಕೆಗೆ ಮತ್ತೆ ಜೀವ ಕೊಟ್ಟಿದ್ದು ಕೆಜಿಎಫ್‌ನ ಬೌದ್ಧರು, ಜಿ. ಅಪ್ಪಾದುರೈ ಅವರ ನೇತೃತ್ವದಲ್ಲಿ. ಸಿದ್ಧಾರ್ಥ ಅನ್ನೋ ಹೆಸರಿನ ಪ್ರೆಸ್ಸು ಇಟ್ಟು ಪುಸ್ತಕ ಅಚ್ಚು ಹಾಕಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು ಕರ್ನಾಟಕದ ನೆಲದಲ್ಲಿ ಗಣಿ ಕಾರ್ಮಿಕರು ಬುದ್ಧಂ ಶರಣಂ ಅಂದಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

"ಅವರೆಲ್ಲ ತಮಿಳರು ಬಿಡ್ರೀ" ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತಾರೆ. ಅವರಿಗೆ ಈಗಲೇ ಉತ್ತರ: ಐದು ತಲೆಮಾರು ಈ ನೆಲದ ಹೊಟ್ಟೆಯೊಳಗೆ ಇಳಿದು ಸತ್ತವರನ್ನ ಹೊರಗಿನವರು ಅಂತ ಕರೆಯೋ ಹಕ್ಕು ನೆಲದ ಮೇಲೆ ನಿಂತವರಿಗೆ ಇಲ್ಲ. ಲ್ಯಾವೆಲ್‌ಗೆ ಯಾವ ಭಾಷೆ ಬರ್ತಿತ್ತು ಅಂತ ಯಾರೂ ಕೇಳಲಿಲ್ಲ, ರಸ್ತೆಗೆ ಹೆಸರಿಟ್ಟರು.

*

ಈಗ ಅಕ್ಕನ ಮುತ್ತಾತನ ಹತ್ತಿರ ಬರೋಣ.

ಬೆರಳಚ್ಚು ಎಲ್ಲಿಂದ ಬಂತು ಗೊತ್ತಾ? ಇಂಗ್ಲೆಂಡಿಂದ ಅಲ್ಲ, ನಮ್ಮ ದೇಶದಿಂದಲೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ಒಬ್ಬ ಕಂತ್ರಾಟುದಾರನ ಕೈ ಅಚ್ಚನ್ನ ಕರಾರು ಪತ್ರದ ಮೇಲೆ ಒತ್ತಿಸಿಕೊಂಡ, ಆಮೇಲೆ ಅವನು ಮಾತು ತಪ್ಪಬಾರದು ಅಂತ. 1897ರಲ್ಲಿ ಕಲ್ಕತ್ತಾದಲ್ಲಿ ಅಪರಾಧಿಗಳ ಬೆರಳಚ್ಚು ಇಡೋ ಕಚೇರಿ ಶುರುವಾಯ್ತು. ಅಚ್ಚುಗಳನ್ನ ವಿಂಗಡಿಸಿ ಹುಡುಕೋ ಲೆಕ್ಕ ಕಟ್ಟಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಬಂದಿದ್ದು ಮಾತ್ರ ಅವರ ಮೇಲಿನ ಅಧಿಕಾರಿ ಎಡ್ವರ್ಡ್ ಹೆನ್ರಿಗೆ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಕೆಲವರನ್ನ ಕಳ್ಳರು ಅಂದಿತ್ತು. ಅದನ್ನ 1911ರಲ್ಲಿ ತಿದ್ದಿ, ಆ ಸಮುದಾಯಗಳ ಜನರ ಬೆರಳಚ್ಚು ತಗೊಳ್ಳೋ ಅಧಿಕಾರವನ್ನೂ ಕೊಟ್ಟರು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಆಗಬೇಕು ಅಂದಾಗ ಅಲ್ಲಿನ ಭಾರತೀಯರು ತಿರುಗಿಬಿದ್ದರು. 1908ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನೋಂದಣಿ ಪತ್ರಗಳನ್ನ ರಾಶಿ ಹಾಕಿ ಸುಟ್ಟರು. ಇದು ಗಾಂಧೀಜಿ ಕಥೆಯ ಜೊತೆ ಎಲ್ಲ ಪಾಠದಲ್ಲೂ ಬರುತ್ತೆ.

1930ರಲ್ಲಿ ಕೆಜಿಎಫ್ ಕಾರ್ಮಿಕರಿಗೂ ಅದೇ ಆಜ್ಞೆ ಬಂತು. ಪ್ರತಿಯೊಬ್ಬ ಕೂಲಿಯವನೂ ಬೆರಳಚ್ಚು ಕೊಟ್ಟು ರಿಜಿಸ್ಟರ್ ಆಗಬೇಕು.

ಕಂಪನಿಗೆ ಇದರಿಂದ ಏನು ಲಾಭ ಅಂತ ಯೋಚನೆ ಮಾಡಿ. ಅಲ್ಲಿವರೆಗೆ ಒಂದು ಗಣಿಯಲ್ಲಿ ಮೇಸ್ತ್ರಿ ಜೊತೆ ಜಗಳ ಆಡಿದವನು ಇನ್ನೊಂದು ಗಣಿಗೆ ಹೋಗಿ, ಬೇರೆ ಹೆಸರು ಹೇಳಿ ಸೇರಬಹುದಿತ್ತು. ಸುಗ್ಗಿ ಕಾಲಕ್ಕೆ ಊರಿಗೆ ಹೋದವನು ವಾಪಸ್ ಬಂದು ಹೊಸಬನಂತೆ ನಿಲ್ಲಬಹುದಿತ್ತು. ಕೂಲಿಯವನ ಕೈಯಲ್ಲಿದ್ದ ಒಂದೇ ಒಂದು ಆಯುಧ ಅದು: ಬಿಟ್ಟು ಹೋಗೋದು, ಹೆಸರು ಬದಲಿಸೋದು. ಒಮ್ಮೆ ಬೆರಳು ದಾಖಲಾದ್ರೆ ಆ ಬಾಗಿಲು ಮುಚ್ಚಿತು. ಹೆಸರು ಬದಲಿಸಬಹುದು, ಹೆಬ್ಬೆರಳು ಬದಲಿಸೋಕೆ ಆಗಲ್ಲ.

ಕಾರ್ಮಿಕರಿಗೆ ಇದು ಅರ್ಥ ಆಯ್ತು. ಅದಕ್ಕಿಂತ ಮುಖ್ಯ, ಅವಮಾನ ಅರ್ಥ ಆಯ್ತು. ಬೆರಳಚ್ಚು ತಗೊಳ್ಳೋದು ಜೈಲಲ್ಲಿ, ಕಳ್ಳರದ್ದು. ನಾವೇನು ಕದ್ದಿದ್ದೀವಿ? ಇಷ್ಟು ವರ್ಷ ಬಟ್ಟೆ ಬಿಚ್ಚಿಸಿದ್ದನ್ನ ಸಹಿಸಿಕೊಂಡಿದ್ದರು. ತಮ್ಮ ಕೈಯಿಂದಲೇ ತಾವು ಕಳ್ಳರು ಅಂತ ಕಾಗದದ ಮೇಲೆ ಒತ್ತಿಕೊಡೋದಕ್ಕೆ ಒಪ್ಪಲಿಲ್ಲ.

ಗಣಿ ನಿಂತಿತು. ಇಪ್ಪತ್ತೊಂದು ದಿನ.

ಆಗ ಅಲ್ಲಿ ಮಾನ್ಯತೆ ಪಡೆದ ಯೂನಿಯನ್ ಅಂತ ಇರಲಿಲ್ಲ. ಯೂನಿಯನ್ ಗಟ್ಟಿಯಾಗಿದ್ದು 1940ರ ದಶಕದಲ್ಲಿ. ಮುಷ್ಕರ ನಿಧಿ ಇರಲಿಲ್ಲ. ಭಾಷಣ ಮಾಡೋ ದೊಡ್ಡ ನಾಯಕ ಇರಲಿಲ್ಲ. ದಿನಗೂಲಿಯ ಮನೆಯಲ್ಲಿ ಇಪ್ಪತ್ತೊಂದು ದಿನ ಕೂಲಿ ಇಲ್ಲ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಲಾಕ್‌ಡೌನ್‌ನಲ್ಲಿ ನೋಡಿದ್ದೀವಿ. ಮೂರು ವಾರ ಒಲೆ ಹೇಗೆ ಉರೀತು? ಲೈನ್‌ಗಳ ಹೆಂಗಸರು ಅಕ್ಕಿ ಹೇಗೆ ಹಂಚಿಕೊಂಡರು? ಇತಿಹಾಸದ ಪುಸ್ತಕದಲ್ಲಿ ಅವರ ಹೆಸರಿಗೆ ಜಾಗ ಸಿಗಲಿಲ್ಲ. ಆದ್ರೆ ಅವರು ಇಲ್ಲದೆ ಇಪ್ಪತ್ತೊಂದು ದಿನ ಇಲ್ಲ.

ಅದೇ 1930ರಲ್ಲೇ ದಂಡಿಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿದ್ದು. ಹಿಡಿ ಉಪ್ಪು ನಮ್ಮೆಲ್ಲರ ಪಠ್ಯದಲ್ಲಿದೆ, ಇರಬೇಕು. ಕೋಲಾರದ ಹೆಬ್ಬೆರಳು ಯಾಕಿಲ್ಲ?

*

1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಊರಿಗೆ ಉಳಿದಿದ್ದು ಸಯನೈಡ್ ದಿಬ್ಬಗಳು, ಗಾಳಿ ಬೀಸಿದರೆ ಮನೆಯೊಳಗೆ ಬರೋ ಬಿಳಿ ಧೂಳು. ಜನ ಬೆಳಗಿನ ಜಾವಕ್ಕೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಬರ್ತಾರೆ. ಚಿನ್ನ ಸಾಗಿಸೋಕೆ ಹಾಕಿದ ಅದೇ ಹಳಿ ಈಗ ಕೂಲಿಯವರನ್ನ ಸಾಗಿಸುತ್ತೆ. ಮಾಲ್‌ನ ಸೆಕ್ಯೂರಿಟಿ, ಆಫೀಸಿನ ಹೌಸ್‌ಕೀಪಿಂಗ್, ಆಸ್ಪತ್ರೆಯ ಆಯಾ. ಬಾಗಿಲಲ್ಲಿ ಬ್ಯಾಗ್ ತೆಗೆದು ತೋರಿಸಬೇಕು. ಬೆರಳು ಒತ್ತಬೇಕು.

ತಂತ್ರಜ್ಞಾನ ಬೇಡ ಅಂತ ನಾನು ಹೇಳ್ತಾ ಇಲ್ಲ. ಸುಳ್ಳು ಹಾಜರಿ ಹಾಕಿ ಪೌರಕಾರ್ಮಿಕರ ಹೆಸರಲ್ಲಿ ದುಡ್ಡು ಹೊಡೆದ ಗುತ್ತಿಗೆದಾರರ ಕಥೆ ನಮಗೆಲ್ಲ ಗೊತ್ತು, ಲೆಕ್ಕ ಬೇಕು. ನನ್ನ ಪ್ರಶ್ನೆ ಬೇರೆ. ದುಡ್ಡು ಹೊಡೆದಿದ್ದು ಮೇಲಿನವನು, ಬೆರಳು ಒತ್ತಬೇಕಾಗಿದ್ದು ಕೆಳಗಿನವಳು, ಇದು ಯಾವ ನ್ಯಾಯ? ಬೆರಳು ಸವೆದಿದ್ದೇ ಅವಳು ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನೇ ಮೆಷಿನ್ ಆಬ್ಸೆಂಟ್ ಅಂತ ಓದುತ್ತೆ. 1930ರಲ್ಲಿ ಕೇಳಿದ್ದು ಇದೇ ಪ್ರಶ್ನೆ: ಯಾವಾಗಲೂ ನಾವೇ ಯಾಕೆ ಸಾಬೀತು ಮಾಡಬೇಕು?

ಮೊನ್ನೆ ಸಂಜೆ ಅಕ್ಕ ಸಿಕ್ಕಾಗ ಇಷ್ಟನ್ನೂ ಹೇಳಿದೆ. ಟೀ ಅಂಗಡಿ ಮುಂದೆ ನಿಂತೇ ಕೇಳಿದರು. ಇಪ್ಪತ್ತೊಂದು ದಿನ ಅಂದಾಗ, "ಅಷ್ಟು ದಿನ ಏನು ತಿಂದ್ರೋ ಪಾಪ" ಅಂದ್ರು. ನಾನು ಪುಸ್ತಕ ಓದಿ ಇಷ್ಟೆಲ್ಲ ತಿಳ್ಕೊಂಡಿದ್ದು, ಅವರು ಒಂದೇ ಮಾತಲ್ಲಿ ಸರಿಯಾದ ಪ್ರಶ್ನೆ ಕೇಳಿದರು. ಆಮೇಲೆ, "ಇದನ್ನ ನನ್ನ ಮಗನಿಗೂ ಹೇಳಣ್ಣ, ಅವನಿಗೆ ಕೆಜಿಎಫ್ ಅಂದ್ರೆ ಬರೀ ಯಶ್" ಅಂದ್ರು. ಭಾನುವಾರ ಹೋಗಬೇಕು. ಹಾಜರಿ ವಿಷಯಕ್ಕೆ ಅರ್ಜಿ ಬರೆದು ಕೊಟ್ಟಿದ್ದೀವಿ, ಏನಾಗುತ್ತೆ ಅಂತ ಇಲ್ಲೇ ತಿಳಿಸ್ತೀನಿ.

ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಕೆಜಿಎಫ್‌ನಿಂದ ಬಂದ ಹಿರಿಯರು ಇದ್ದರೆ ಈ ವಾರವೇ ಹೋಗಿ ಕೂತು ಮಾತಾಡಿಸಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಯಾವ ಲೈನ್, ಯಾವ ಶಾಫ್ಟು, 1930ರ ಬಗ್ಗೆ ಅವರ ತಾತ ಏನು ಹೇಳ್ತಿದ್ದರು, ಆ ಇಪ್ಪತ್ತೊಂದು ದಿನ ಅಜ್ಜಿ ಏನು ಬೇಯಿಸಿದರು, ಎಲ್ಲ ಕೇಳಿ. ಆ ತಲೆಮಾರನ್ನ ಕಣ್ಣಾರೆ ಕಂಡವರು ಇನ್ನು ಹೆಚ್ಚು ದಿನ ನಮ್ಮ ಜೊತೆ ಇರಲ್ಲ. ಕೇಳಿದ್ದನ್ನ ಕೆಳಗೆ ಕಾಮೆಂಟಿನಲ್ಲಿ ಬರೀರಿ, ತಮಿಳು, ತೆಲುಗು, ಕನ್ನಡ ಯಾವುದಾದರೂ ಸರಿ.

ಜೈ ಭೀಮ್. ನಮೋ ಬುದ್ಧಾಯ.